ವೇಲ್ಸ್ ದೇಶದ ಹವೆಲ್ ದೊರೆಯೂ ಆತನ ಧರ್ಮಶಾಸನವೂ

ಚರಿತ್ರೆಯಲ್ಲಿ ಅರಸರಿಗೆ ಬಿರುದುಗಳು ದೊರೆತಿರುವುದು ಬಹುಮಟ್ಟಿಗೆ ಕತ್ತಿಯ ಮೂಲಕ. ದೇಶಗಳನ್ನು ಗೆದ್ದವನು ಮಹಾನ್ ಎನಿಸಿಕೊಂಡನು. ಶತ್ರುಗಳನ್ನು ನಡುಗಿಸಿದವನು ಸಿಂಹವೆನಿಸಿಕೊಂಡನು. ‘ಒಳ್ಳೆಯವನು’ ಎಂಬ ಸರಳವಾದ ಮಾತನ್ನೇ ಬಿರುದಾಗಿ ಪಡೆದ ದೊರೆಗಳು ವಿರಳ. ಹತ್ತನೆಯ ಶತಮಾನದಲ್ಲಿ ವೇಲ್ಸ್ ದೇಶವನ್ನಾಳಿದ ಹವೆಲ್ ದಾ ಎಂಬಾತನು ಅಂತಹ ವಿರಳರಲ್ಲಿ ಒಬ್ಬನು. ‘ದಾ’ ಎಂದರೆ ವೆಲ್ಷ್ ಭಾಷೆಯಲ್ಲಿ ‘ಒಳ್ಳೆಯ’ ಎಂದೇ ಅರ್ಥ. ಈತನು ಕಟ್ಟಿದ ರಾಜ್ಯವು ಈತನ ಮರಣದೊಡನೆಯೇ ಒಡೆದುಹೋಯಿತು. ಆದರೆ ಈತನ ಹೆಸರನ್ನು ಹೊತ್ತ ಧರ್ಮಶಾಸನವು ಸುಮಾರು ಆರುನೂರು ವರ್ಷಗಳ ಕಾಲ ಒಂದು ಜನಾಂಗದ ಬಾಳನ್ನು ನಡಸಿತು. ರಾಜ್ಯವು ಉಳಿಯದೆ ಶಾಸನವು ಮಾತ್ರ ಉಳಿದದ್ದು ಹೇಗೆ ಎಂಬುದನ್ನು ನಾವು ಈ ಹೊತ್ತು ವಿಚಾರಮಾಡಬೇಕೆಂದಿದ್ದೇವೆ.

ಮೊದಲು ದೇಶದ ವಿಷಯವಾಗಿ ಎರಡು ಮಾತು. ಬ್ರಿಟನ್ ದ್ವೀಪದ ಪಶ್ಚಿಮ ಭಾಗದಲ್ಲಿ, ಐರ್ಲೆಂಡಿನ ಸಮುದ್ರಕ್ಕೆ ಅಭಿಮುಖವಾಗಿ ಚಾಚಿಕೊಂಡಿರುವ ಬೆಟ್ಟಗುಡ್ಡಗಳ ನಾಡೇ ವೇಲ್ಸ್. ಅದರ ವಿಸ್ತೀರ್ಣ ಸುಮಾರು ೮,೦೦೦ ಚದರ ಮೈಲಿಗಳು. ಆಂಗ್ಲರೂ ಸ್ಯಾಕ್ಸನರೂ ಸಮುದ್ರವನ್ನು ದಾಟಿ ಬರುವುದಕ್ಕೆ ಮುಂಚೆ ದ್ವೀಪದ ಬಹುಭಾಗದಲ್ಲಿ ನೆಲಸಿದ್ದ ಬ್ರಿಟನರ ಸಂತತಿಯವರು ಇಲ್ಲಿ ತಮ್ಮ ಭಾಷೆಯನ್ನೂ ಆಚಾರಗಳನ್ನೂ ಕಾಪಾಡಿಕೊಂಡಿದ್ದರು. ಆದರೆ ನಾಡು ಒಂದಾಗಿರಲಿಲ್ಲ. ಉತ್ತರದಲ್ಲಿ ಗ್ವಿನೆದ್, ಪೂರ್ವದಲ್ಲಿ ಪೊವಿಸ್, ನೈಋತ್ಯದಲ್ಲಿ ದವೆಡ್, ಆಗ್ನೇಯದಲ್ಲಿ ಗ್ವೆಂಟ್ ಮತ್ತು ಮೊರ್ಗಾನುಗ್, ಹೀಗೆ ಅನೇಕ ಸಣ್ಣ ರಾಜ್ಯಗಳು. ತಂದೆಯ ಆಸ್ತಿಯನ್ನು ಗಂಡುಮಕ್ಕಳೆಲ್ಲರೂ ಹಂಚಿಕೊಳ್ಳುವುದು ದೇಶಾಚಾರವಾಗಿದ್ದುದರಿಂದ ಒಬ್ಬ ಸಮರ್ಥನು ಕೂಡಿಸಿದ್ದನ್ನು ಅವನ ಮಕ್ಕಳು ಮತ್ತೆ ಬೇರೆಮಾಡುತ್ತಿದ್ದರು. ಪೂರ್ವದ ಗಡಿಯಲ್ಲಿ ಇಂಗ್ಲೆಂಡಿನ ಅರಸರು ದಿನೇ ದಿನೇ ಬಲಿಯುತ್ತಿದ್ದರು. ಕಡಲ ಕಡೆಯಿಂದ ವೈಕಿಂಗರ ಹಾವಳಿ ಬೇರೆ.

ಇಂತಹ ಕಾಲದಲ್ಲಿ, ಸುಮಾರು ೮೮೦ರಲ್ಲಿ, ಹವೆಲನು ಜನಿಸಿದನು. ವೇಲ್ಸಿನ ಬಹುಭಾಗವನ್ನು ಆಳಿ ೮೭೮ರಲ್ಲಿ ಯುದ್ಧದಲ್ಲಿ ಮಡಿದ ಮಹಾ ರೋದ್ರಿಯು ಈತನ ಅಜ್ಜ, ಕಾದೆಲನು ತಂದೆ. ೯೧೦ರ ಸುಮಾರಿನಲ್ಲಿ ತಂದೆಯು ತೀರಿಕೊಂಡ ಮೇಲೆ ಹವೆಲನಿಗೂ ಆತನ ಸಹೋದರ ಕ್ಲಿದೋಗನಿಗೂ ಪಶ್ಚಿಮ ತೀರದ ರಾಜ್ಯವು ಬಂದಿತು. ೯೨೦ರಲ್ಲಿ ಕ್ಲಿದೋಗನು ಸತ್ತನು. ದವೆಡ್ ರಾಜವಂಶದ ಕುಮಾರಿ ಎಲೆನಳನ್ನು ಹವೆಲನು ವಿವಾಹವಾಗಿದ್ದುದರಿಂದ ಆ ಸೀಮೆಯೂ ಆತನ ವಶವಾಯಿತು. ಈ ಎರಡರ ಕೂಟವೇ ಮುಂದೆ ‘ದೆಹೈಬಾರ್ತ್’, ಅಂದರೆ ದಕ್ಷಿಣ ಭಾಗ, ಎಂಬ ಹೆಸರಿನಿಂದ ಪ್ರಸಿದ್ಧವಾದ ರಾಜ್ಯ. ೯೪೨ರಲ್ಲಿ ಗ್ವಿನೆದ್ದಿನ ಅರಸನಾದ ಇದ್ವಲನು ಇಂಗ್ಲಿಷರೊಡನೆ ಹೋರಾಡಿ ಹತನಾದಾಗ ಹವೆಲನು ಅದನ್ನೂ ಪೊವಿಸನ್ನೂ ತನ್ನ ಆಳ್ವಿಕೆಗೆ ಸೇರಿಸಿಕೊಂಡನು. ಆಗ್ನೇಯದ ಮೂಲೆಯೊಂದನ್ನು ಬಿಟ್ಟರೆ ವೇಲ್ಸ್ ದೇಶವೆಲ್ಲವೂ ಒಬ್ಬನ ಕೈಕೆಳಗೆ ಬಂದಿತು.

ಇಂಗ್ಲೆಂಡಿನೊಡನೆ ಆತನು ನಡೆದುಕೊಂಡ ರೀತಿಯನ್ನು ಕುರಿತು ಇಂದಿಗೂ ಎರಡು ಅಭಿಪ್ರಾಯಗಳಿವೆ. ೯೧೮ರಲ್ಲಿ ಆತನು ಎಡ್ವರ್ಡ್ ದೊರೆಯ ಅಧಿರಾಜತ್ವವನ್ನು ಒಪ್ಪಿಕೊಂಡನು; ೯೨೭ರಲ್ಲಿ ಎಡ್ವರ್ಡನ ಮಗ ಏಥೆಲ್‌ಸ್ಟನನಿಗೂ ತಲೆಬಾಗಿದನು. ವೆಲ್ಷ್ ಅರಸರು ಆಗ ವರ್ಷಕ್ಕೆ ೨೦ ಪೌಂಡು ತೂಕ ಚಿನ್ನ, ೩೦೦ ಪೌಂಡು ಬೆಳ್ಳಿ, ೨೫,೦೦೦ ಎತ್ತುಗಳನ್ನು ಕಪ್ಪವಾಗಿ ಕೊಡಲು ಒಪ್ಪಿದರೆಂದು ಹನ್ನೆರಡನೆಯ ಶತಮಾನದ ಚರಿತ್ರಕಾರ ಮಾಮ್ಸ್‌ಬರಿಯ ವಿಲಿಯಮನು ಬರೆದಿದ್ದಾನೆ. ಇಂಗ್ಲಿಷ್ ದೊರೆಗಳ ದಾನಪತ್ರಗಳಲ್ಲಿ ಸಾಕ್ಷಿಗಳ ಸಾಲಿನಲ್ಲಿ ಹವೆಲನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಒಬ್ಬ ಮಗನಿಗೆ ಎಡ್ವಿನ್ ಎಂಬ ಇಂಗ್ಲಿಷ್ ಹೆಸರನ್ನೇ ಇಟ್ಟನು. ಚೆಸ್ಟರ್ ಪಟ್ಟಣದ ಟಂಕಸಾಲೆಯಲ್ಲಿ ಆತನ ಹೆಸರಿನಲ್ಲಿ ಅಚ್ಚಾದ ಒಂದು ಬೆಳ್ಳಿಯ ನಾಣ್ಯವು ಉಳಿದುಬಂದಿದೆ. ಅದರ ಮೇಲಿರುವುದು ‘ಹವೆಲ್ ರಾಜ’ ಎಂಬರ್ಥದ ಲೇಖ. ಅದೇ ಕಾಲದ ಒಂದು ವೆಲ್ಷ್ ಕಾವ್ಯವು ಸ್ಯಾಕ್ಸನರನ್ನು ದ್ವೀಪದಿಂದಲೇ ಹೊರಗಟ್ಟಬೇಕೆಂದು ಕರೆಕೊಡುತ್ತದೆ. ಹವೆಲನು ಆ ಕರೆಗೆ ಓಗೊಡಲಿಲ್ಲ. ಬಲಿಷ್ಠನಾದ ನೆರೆಯವನಿಗೆ ಮಣಿದು ತನ್ನ ಜನಕ್ಕೆ ಇಪ್ಪತ್ತು ಮೂವತ್ತು ವರ್ಷಗಳ ಶಾಂತಿಯನ್ನು ಸಂಪಾದಿಸಿದನೆಂದು ಕೆಲವರು ಹೊಗಳುತ್ತಾರೆ. ಸ್ವಾತಂತ್ರ್ಯವನ್ನು ಮಾರಿದನೆಂದು ಕೆಲವರು ಹಳಿಯುತ್ತಾರೆ. ಕಪ್ಪವನ್ನು ಕೊಟ್ಟ ಅರಸನಾದರೂ ಆತನು ಇಂಗ್ಲೆಂಡಿನ ನ್ಯಾಯವನ್ನು ತನ್ನ ನಾಡಿಗೆ ತರಲಿಲ್ಲವೆಂಬುದನ್ನು ಮಾತ್ರ ಎರಡು ಪಕ್ಷದವರೂ ಒಪ್ಪಬೇಕಾಗಿದೆ.

ಇನ್ನು ಶಾಸನದ ಕಥೆ. ೯೨೮ರ ಸುಮಾರಿನಲ್ಲಿ ಹವೆಲನು ರೋಮ್ ನಗರಕ್ಕೆ ಯಾತ್ರೆ ಹೋಗಿಬಂದನು. ತರುವಾಯ ತನ್ನ ರಾಜ್ಯದ ಕಟ್ಟಳೆಗಳು ಕ್ರಮತಪ್ಪಿರುವುದನ್ನು ಕಂಡು, ಒಂದೊಂದು ಸೀಮೆಯಿಂದಲೂ ಆರು ಆರು ಮಂದಿ ತಿಳಿದವರನ್ನು ಟಾವ್ ನದಿಯ ದಡದಲ್ಲಿದ್ದ ‘ಬಿಳಿಯ ಮನೆ’ಗೆ ಕರಸಿದನಂತೆ. ಇಂದಿನ ವಿಟ್‌ಲ್ಯಾಂಡ್ ಪಟ್ಟಣವೇ ಆ ಸ್ಥಳವೆಂದು ಹೇಳುತ್ತಾರೆ. ಧರ್ಮಾಧ್ಯಕ್ಷರೂ ಪಂಡಿತರೂ ಬಂದರು. ಲೆಂಟ್ ಎಂಬ ಉಪವಾಸದ ಪರ್ವಕಾಲವೆಲ್ಲವೂ ಸಭೆ ನಡೆಯಿತು. ಹಳೆಯ ಕಟ್ಟಳೆಗಳಲ್ಲಿ ಒಳ್ಳೆಯವನ್ನು ಉಳಿಸಿದರು, ಕೆಲವನ್ನು ತಿದ್ದಿದರು, ಕೆಲವನ್ನು ತೆಗೆದರು, ಕೆಲವನ್ನು ಹೊಸದಾಗಿ ಸೇರಿಸಿದರು. ಬ್ಲೆಗವ್ರಿಡ್ ಎಂಬ ವಿದ್ವಾಂಸನು ಎಲ್ಲವನ್ನೂ ಬರೆದಿಟ್ಟನು. ಕಾನೂನು ಪುಸ್ತಕಗಳ ಪೀಠಿಕೆಗಳು ಹೇಳುವ ಕಥೆ ಹೀಗಿದೆ.

ಈ ಕಥೆಯನ್ನು ಇದ್ದಕ್ಕಿದ್ದಂತೆಯೇ ನಂಬಬಹುದೆ? ವಿದ್ವಾಂಸರು ಇಲ್ಲಿ ಬಹಳ ಎಚ್ಚರಿಕೆಯಿಂದ ಹೆಜ್ಜೆಯಿಡುತ್ತಾರೆ. ಉಳಿದುಬಂದಿರುವ ಹಸ್ತಪ್ರತಿಗಳು ಸುಮಾರು ನಲವತ್ತು. ಅವುಗಳಲ್ಲಿ ಅತ್ಯಂತ ಹಳೆಯವು ಕೂಡ ಹದಿಮೂರನೆಯ ಶತಮಾನದವು, ಅಂದರೆ ಹವೆಲನ ಕಾಲಕ್ಕೆ ಸುಮಾರು ಮುನ್ನೂರು ವರ್ಷ ಈಚಿನವು. ಅವುಗಳಲ್ಲಿ ಮೂರು ಮುಖ್ಯ ಪಾಠಭೇದಗಳಿವೆ. ಪೀಠಿಕೆಯ ಕಥೆಯೂ ಪ್ರತಿಯಿಂದ ಪ್ರತಿಗೆ ಬೆಳೆದಿದೆ. ಹವೆಲನನ್ನು ‘ಬ್ರಿಟನರ ರಾಜ’ನೆಂದು ಕರೆದು ಆತನ ಮರಣವನ್ನು ದಾಖಲಿಸಿದ ವರ್ಷಾನುಚರಿತೆಯು ಶಾಸನದ ಮಾತನ್ನೇ ಎತ್ತುವುದಿಲ್ಲ. ಆದುದರಿಂದ ಗ್ರಂಥದಲ್ಲಿರುವ ಪ್ರತಿಯೊಂದು ವಿಧಿಯೂ ಹವೆಲನದೆಂದು ಹೇಳಲಾಗದು. ಅದು ಅನೇಕ ತಲೆಮಾರುಗಳ ನ್ಯಾಯವೇತ್ತರ ಕೃತಿ. ಆದರೂ ಉತ್ತರ ದಕ್ಷಿಣಗಳೆಂಬ ಭೇದವಿಲ್ಲದೆ ಎಲ್ಲ ಪ್ರತಿಗಳೂ ಆತನೊಬ್ಬನ ಹೆಸರನ್ನೇ ಹೇಳುತ್ತವೆ. ಪರಸ್ಪರ ಕಾದಾಡುತ್ತಿದ್ದ ರಾಜವಂಶಗಳ ನಾಡುಗಳಲ್ಲಿ ಈ ಒಂದು ಮಾತಿಗೆ ವಿರೋಧವಿರಲಿಲ್ಲ. ಇದಕ್ಕೆ ಏನೂ ಮೂಲವಿಲ್ಲವೆಂದು ತಳ್ಳಿಹಾಕುವುದು ಕಷ್ಟ.

ಗ್ರಂಥವನ್ನು ತೆರೆದು ನೋಡಿದರೆ ಮೊದಲು ಕಾಣುವುದು ಅರಮನೆ. ಅರಸನ ಊಳಿಗದಲ್ಲಿ ಇಪ್ಪತ್ತುನಾಲ್ಕು ಮಂದಿ ಅಧಿಕಾರಿಗಳು. ಪಡೆಯ ನಾಯಕ, ಪುರೋಹಿತ, ನ್ಯಾಯಾಧಿಪತಿ, ಡೇಗೆಗಾರ, ಕವಿ, ವೈದ್ಯ, ಹೀಗೆ ಪ್ರತಿಯೊಬ್ಬರಿಗೂ ಇಂತಹ ಆಸನ, ಇಂತಹ ಭೂಮಿ, ಇಂತಹ ವಸ್ತ್ರ ಎಂದು ನಿಯಮ. ಔತಣದ ಹೊತ್ತಿನಲ್ಲಿ ದೊರೆಯ ಪಾದಗಳನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿರುವುದೇ ಒಬ್ಬನ ಉದ್ಯೋಗ. ಇದನ್ನು ಓದಿ ನಗು ಬಂದರೆ ತಪ್ಪೇನೂ ಇಲ್ಲ. ಆದರೆ ದೊರೆಯ ಇಚ್ಛೆಯಂತೆ ಕೊಡುವುದಕ್ಕೂ ಕಸಿದುಕೊಳ್ಳುವುದಕ್ಕೂ ಬದಲಾಗಿ, ಕಾಲು ಹಿಡಿಯುವವನಿಗೂ ಶಾಸನದಲ್ಲಿ ಒಂದು ಹಕ್ಕು ಬರೆದಿದೆಯೆಂಬುದನ್ನು ನಗುವಿನ ನಡುವೆ ಮರೆಯಬಾರದು.

ಅರಮನೆಯಿಂದ ಹಳ್ಳಿಗೆ ಇಳಿದರೆ ಗ್ರಂಥದ ಸೊಗಸು ಇನ್ನೂ ಹೆಚ್ಚುತ್ತದೆ. ಬೆಕ್ಕಿನ ಮರಿಗೆ ಕಣ್ಣು ಬಿಡುವವರೆಗೆ ಒಂದು ಪೆನ್ನಿ ಬೆಲೆ. ಇಲಿ ಹಿಡಿಯುವವರೆಗೆ ಎರಡು. ಇಲಿ ಹಿಡಿದ ಮೇಲೆ ನಾಲ್ಕು. ದೊರೆಯ ಕಣಜವನ್ನು ಕಾಯುವ ಬೆಕ್ಕನ್ನು ಯಾರಾದರೂ ಕೊಂದರೆ, ಅದರ ಬಾಲದ ತುದಿಯನ್ನು ಮೇಲೆತ್ತಿ, ತಲೆಯು ನೆಲಕ್ಕೆ ತಗಲುವಂತೆ ಶುಚಿಯಾದ ಕಣದಲ್ಲಿ ಹಿಡಿದು, ಬಾಲದ ತುದಿ ಮುಚ್ಚುವವರೆಗೆ ಗೋಧಿಯನ್ನು ಸುರಿಯಬೇಕು. ಆ ರಾಶಿಯೇ ದಂಡ. ಹಲವರು ಎತ್ತುಗಳನ್ನು ಕೂಡಿಸಿ ಉತ್ತರೆ ಯಾವ ಪಾಲು ಉಳುವವನಿಗೆ, ಯಾವುದು ನೇಗಿಲಿನ ಕಬ್ಬಿಣವನ್ನು ಕೊಟ್ಟವನಿಗೆ, ಯಾವುದು ಎತ್ತಿನ ಒಡೆಯರಿಗೆ, ಯಾವುದು ಎತ್ತು ಹೊಡೆಯುವವನಿಗೆ ಎಂಬುದೂ ಗೊತ್ತುಮಾಡಿದೆ. ಬಡವರ ನಡುವೆ ಜಗಳ ಹುಟ್ಟುವುದು ಇಂತಹ ಸಣ್ಣ ವಸ್ತುಗಳಿಂದಲೇ ಎಂಬುದನ್ನು ಶಾಸನಕಾರರು ಬಲ್ಲವರಾಗಿದ್ದರು.

ಕೊಲೆಯ ವಿಷಯದಲ್ಲಿ ಈ ಶಾಸನದ ದೃಷ್ಟಿಯು ಪ್ರತೀಕಾರವನ್ನು ತಡೆಯುವುದರ ಕಡೆಗೆ ತಿರುಗಿದೆ. ಸತ್ತವನ ಕುಲಕ್ಕೆ ಕೊಂದವನ ಕುಲವು ‘ಗಲಾನಸ್’ ಎಂಬ ಜೀವಮೂಲ್ಯವನ್ನು ತೆರಬೇಕು. ಅದರ ಮೂರರಲ್ಲೊಂದು ಭಾಗವನ್ನು ಕೊಂದವನೂ ಆತನ ತಂದೆತಾಯಿ ಒಡಹುಟ್ಟಿದವರೂ, ಉಳಿದುದನ್ನು ದೂರದ ಬಂಧುಗಳೂ ಕೊಡಬೇಕು. ಬಂಧುಗಳಲ್ಲಿಯೂ ತಂದೆಯ ಕಡೆಯವರಿಗೆ ಎರಡು ಪಾಲು, ತಾಯಿಯ ಕಡೆಯವರಿಗೆ ಒಂದು ಪಾಲು. ಒಬ್ಬನ ಕೋಪಕ್ಕೆ ನೂರಾರು ಮನೆಗಳು ಹಸುಗಳನ್ನು ತೆರಬೇಕಾದಾಗ, ಆ ನೂರಾರು ಮನೆಯವರೂ ಅವನ ಕೋಪವನ್ನು ಕಾಯುವ ಕಾವಲುಗಾರರಾಗುತ್ತಿದ್ದರು. ಆಪಾದನೆಯನ್ನು ಅಲ್ಲಗಳೆಯುವವನು ತನ್ನ ಕಡೆಯ ಮುನ್ನೂರು ಮಂದಿಯನ್ನು ಪ್ರಮಾಣಕ್ಕೆ ತರಬೇಕಾಗಿತ್ತು. ಪ್ರಾಣಕ್ಕಲ್ಲದೆ ಮಾನಕ್ಕೂ ಬೆಲೆಯಿತ್ತು. ಅವಮಾನ ಮಾಡಿದವನು ‘ಸರ್ಹೆಡ್’ ಎಂಬ ಪ್ರತ್ಯೇಕ ದಂಡವನ್ನು ತೆರಬೇಕು.

ದಯೆಯು ನ್ಯಾಯದೊಳಗೆ ಪ್ರವೇಶಿಸಿದ ವಿಧಿಯೊಂದನ್ನು ನಾವು ವಿಶೇಷವಾಗಿ ನೆನೆಯಬೇಕು. ಹಸಿದವನೊಬ್ಬನು ಮೂರು ಹಳ್ಳಿಗಳಲ್ಲಿ, ಹಳ್ಳಿಗೆ ಒಂಬತ್ತು ಮನೆಗಳಂತೆ ಬೇಡಿ, ಎಲ್ಲಿಯೂ ಭಿಕ್ಷೆ ದೊರೆಯದೆ ಅನ್ನವನ್ನು ಕದ್ದರೆ ಅವನಿಗೆ ದಂಡನೆಯಿಲ್ಲ. ಇಪ್ಪತ್ತೇಳು ಬಾಗಿಲುಗಳು ಮುಚ್ಚಿದ ಮೇಲೆ ಆ ಕಳ್ಳತನದಲ್ಲಿ ಊರಿನ ಪಾಲೂ ಇದೆಯೆಂದು ಶಾಸನವು ಮೌನವಾಗಿ ತೀರ್ಪುಕೊಟ್ಟಂತಾಯಿತು.

ಸ್ತ್ರೀಯರ ವಿಷಯದಲ್ಲಿ ಆ ಕಾಲದ ಯೂರೋಪಿನಲ್ಲಿ ಅಪರೂಪವಾದ ಕಟ್ಟಳೆಗಳು ಇಲ್ಲಿವೆ. ಗಂಡಹೆಂಡಿರು ಬೇರೆಯಾಗುವುದಕ್ಕೆ ಅವಕಾಶವಿತ್ತು. ಏಳು ವರ್ಷ ಕೂಡಿ ಬಾಳಿದ್ದರೆ ಮನೆಯ ಸೊತ್ತು ಇಬ್ಬರಿಗೂ ಸಮಭಾಗ. ಹಂದಿಗಳು ಗಂಡನಿಗೆ, ಕುರಿಗಳು ಹೆಂಡತಿಗೆ. ಪಾನಪಾತ್ರೆಗಳು ಅವನಿಗೆ, ಹಾಲಿನ ಪಾತ್ರೆಗಳು ಬಹುಮಟ್ಟಿಗೆ ಅವಳಿಗೆ. ಹೀಗೆ ಮನೆಯ ಸಾಮಾನುಗಳನ್ನೆಲ್ಲ ಎಣಿಸಿ ಹಂಚಿದೆ. ಗಂಡನು ಕುಷ್ಠರೋಗಿಯಾದರೆ, ಅಥವಾ ಅವನ ಉಸಿರು ದುರ್ಗಂಧವಾಗಿದ್ದರೆ, ಹೆಂಡತಿಯು ತನ್ನ ಸೊತ್ತಿಗೆ ಹಾನಿಯಿಲ್ಲದೆ ಹೊರಟುಹೋಗಬಹುದು. ಗಂಡನು ಪರಸ್ತ್ರೀಯ ಸಂಗಮಾಡಿದರೆ ಮೊದಲ ಸಲ ಹೆಂಡತಿಗೆ ೧೨೦ ಪೆನ್ನಿ, ಎರಡನೆಯ ಸಲ ಒಂದು ಪೌಂಡು ತೆರಬೇಕು. ಮೂರನೆಯ ಸಲಕ್ಕೆ ಅವಳು ಅವನನ್ನು ಬಿಡಬಹುದು. ವಿವಾಹದ ಹೊರಗೆ ಹುಟ್ಟಿದ ಮಗನನ್ನು ತಂದೆಯು ತನ್ನವನೆಂದು ಒಪ್ಪಿದರೆ ಅವನಿಗೂ ಪಿತ್ರಾರ್ಜಿತದಲ್ಲಿ ಪಾಲುಂಟು. ತಂದೆಯ ಪಾಪಕ್ಕಾಗಿ ಮಗನು ತನ್ನ ಭಾಗವನ್ನು ಕಳೆದುಕೊಳ್ಳಬಾರದೆಂಬುದು ಹವೆಲನ ಶಾಸನದ ಮತವೆಂದೂ, ಚರ್ಚಿನ ನ್ಯಾಯವು ಇದಕ್ಕೆ ಬೇರೆಯೆಂದೂ ಗ್ರಂಥವೇ ಬಾಯಿಬಿಟ್ಟು ಹೇಳುತ್ತದೆ. ಅಣ್ಣತಮ್ಮಂದಿರು ಭೂಮಿಯನ್ನು ಹಂಚಿಕೊಳ್ಳುವಾಗ ಕಿರಿಯವನು ಭಾಗಮಾಡಬೇಕು, ಹಿರಿಯವನು ಮೊದಲು ಆರಿಸಿಕೊಳ್ಳಬೇಕು. ಭಾಗಮಾಡುವವನಿಗೆ ಆರಿಸುವ ಹಕ್ಕು ಕೊನೆಯದಾದರೆ ಅಳತೆಯಲ್ಲಿ ಮೋಸವಾದೀತೆ?

ಆದರೂ ನಾವು ಕಂಡದ್ದನ್ನೆಲ್ಲ ಹೊಗಳಿ ಹೋಗಬಾರದು. ಈ ಶಾಸನದಲ್ಲಿ ಮನುಷ್ಯರು ಸಮಾನರಲ್ಲ. ಸಾಮಾನ್ಯನಾದ ಕುಲೀನನ ಜೀವಮೂಲ್ಯ ೬೩ ಹಸುಗಳಾದರೆ ಮನೆತನದ ಯಜಮಾನನದು ೧೨೬. ದಾಸನಿಗೆ ಜೀವಮೂಲ್ಯವೇ ಇಲ್ಲ. ದನಕರುಗಳಿಗೆ ಹೇಗೋ ಹಾಗೆ ಅವನ ಕ್ರಯವನ್ನು ಒಡೆಯನಿಗೆ ಕೊಟ್ಟರೆ ತೀರಿತು. ಹೆಣ್ಣುಮಕ್ಕಳಿಗೆ ಭೂಮಿಯಲ್ಲಿ ಸಾಮಾನ್ಯವಾಗಿ ಪಾಲಿಲ್ಲ. ಗೊತ್ತಾದ ಕೆಲವು ತಪ್ಪುಗಳಿಗಾಗಿ ಹೆಂಡತಿಯನ್ನು ಹೊಡೆಯಲು ಗಂಡನಿಗೆ ಅನುಜ್ಞೆಯುಂಟು. ಗಂಡನ ಗಡ್ಡಕ್ಕೆ ಅವಮಾನವನ್ನು ಹಾರೈಸುವುದು ಅಂತಹ ತಪ್ಪುಗಳಲ್ಲಿ ಒಂದು! ಸಾವಿರ ವರ್ಷದ ಹಿಂದಿನ ನ್ಯಾಯವನ್ನು ನಮ್ಮ ಕಾಲದ ತಕ್ಕಡಿಯಲ್ಲಿ ತೂಗಿದರೆ ಅದು ಹಗುರವಾಗಿ ಕಂಡೀತು. ಆ ಕಾಲದ ತಕ್ಕಡಿಯಲ್ಲಿ ತೂಗಿದರೆ, ಬಲವಂತನ ಕೈಗೆ ಕಟ್ಟುಹಾಕಿ ದುರ್ಬಲನಿಗೆ ಹೇಳಿಕೊಳ್ಳಲು ಒಂದು ಮಾತನ್ನು ಕೊಟ್ಟದ್ದು ಅದರ ಹಿರಿಮೆ.

ಸುಮಾರು ೯೫೦ರಲ್ಲಿ ಹವೆಲನು ತೀರಿಕೊಂಡನು. ಇದ್ವಲನ ಮಕ್ಕಳು ಕೂಡಲೇ ಗ್ವಿನೆದ್ದನ್ನು ಹಿಂದಕ್ಕೆ ತೆಗೆದುಕೊಂಡರು. ಹವೆಲನ ಮಕ್ಕಳಿಗೆ ದಕ್ಷಿಣವು ಮಾತ್ರ ಉಳಿಯಿತು. ಹಳೆಯ ಕಲಹಗಳು ಮರಳಿ ಹೊತ್ತಿಕೊಂಡವು. ಹೀಗಿದ್ದೂ ಶಾಸನವು ಉಳಿಯಿತು. ಅದನ್ನು ಉಳಿಸಿದವರು ಯಾರು? ಅರಸರಿಗಿಂತ ಹೆಚ್ಚಾಗಿ ನ್ಯಾಯವೇತ್ತರು. ಉತ್ತರದಲ್ಲಿ ಇದನ್ನೇ ಕಲಿತು ಇದನ್ನೇ ವೃತ್ತಿಯನ್ನಾಗಿ ಮಾಡಿಕೊಂಡ ನ್ಯಾಯಾಧಿಪತಿಗಳಿದ್ದರು; ದಕ್ಷಿಣದಲ್ಲಿ ಭೂಮಿಯುಳ್ಳ ಗೃಹಸ್ಥರು ಆ ಭೂಮಿಯ ಹಕ್ಕಿನಿಂದಲೇ ತೀರ್ಪುಕೊಡಲು ಕುಳಿತುಕೊಳ್ಳುತ್ತಿದ್ದರು. ಪಣವೊಡ್ಡಿ ಸಮರ್ಥಿಸಿಕೊಂಡ ತೀರ್ಪು ಸುಳ್ಳಾದರೆ ನ್ಯಾಯಾಧಿಪತಿಯು ತನ್ನ ನಾಲಗೆಯ ಬೆಲೆಯನ್ನು ತೆರಬೇಕಾಗಿತ್ತು. ಅವರ ಪುಸ್ತಕಗಳಲ್ಲಿ ಅನೇಕವು ಕೈಯಲ್ಲಿ ಹಿಡಿದುಕೊಂಡು ಊರೂರಿಗೆ ಒಯ್ಯುವಷ್ಟು ಚಿಕ್ಕವು. ಲ್ಯಾಟಿನ್ ಭಾಷೆಯ ಪ್ರತಿಗಳು ಐದಾರಾದರೆ ಉಳಿದ ಬಹುಪಾಲು ವೆಲ್ಷ್ ಭಾಷೆಯವು. ವಾದಿಯೂ ಪ್ರತಿವಾದಿಯೂ ತಾವು ಮನೆಯಲ್ಲಾಡುವ ನುಡಿಯಲ್ಲಿಯೇ ತಮ್ಮ ನ್ಯಾಯವನ್ನು ಕೇಳುತ್ತಿದ್ದರು. ಆ ನುಡಿಯಾದರೋ ಇದರಿಂದ ಸೂಕ್ಷ್ಮವಾದ ವಿಚಾರವನ್ನು ಹೊರಬಲ್ಲ ಗದ್ಯವನ್ನು ಪಡೆಯಿತು. ಕಾಲಕಾಲಕ್ಕೆ ಹೊಸ ತಿದ್ದುಪಡಿಗಳು ಬಂದರೂ ಅವು ಹವೆಲನ ಹೆಸರಿನ ನೆರಳಿನಲ್ಲಿಯೇ ಸೇರಿಕೊಂಡವು. ಒಬ್ಬ ಅರಸನಿಲ್ಲದ ಜನಕ್ಕೆ ಒಂದು ಶಾಸನವಿತ್ತು. ತಾವು ಒಂದೇ ಜನವೆಂದು ಹೇಳಿಕೊಳ್ಳುವುದಕ್ಕೆ ಭಾಷೆಯ ತರುವಾಯ ಅವರಿಗಿದ್ದ ಆಧಾರವೇ ಇದು.

ಹದಿಮೂರನೆಯ ಶತಮಾನದ ಕೊನೆಯಲ್ಲಿ ಈ ಆಧಾರದ ಮೇಲೆಯೇ ಪೆಟ್ಟು ಬಿದ್ದಿತು. ಗ್ವಿನೆದ್ದಿನ ರಾಜಕುಮಾರ ಲೆವೆಲಿನನಿಗೂ ಮತ್ತೊಬ್ಬನಿಗೂ ಆರ್ವಿಸ್ಟ್ಲಿ ಎಂಬ ಸೀಮೆಗಾಗಿ ವ್ಯಾಜ್ಯವುಂಟಾಯಿತು. ೧೨೭೭ರ ಒಪ್ಪಂದದ ಪ್ರಕಾರ ಅದು ವೆಲ್ಷ್ ನ್ಯಾಯದಂತೆ ತೀರ್ಮಾನವಾಗಬೇಕೆಂದು ಲೆವೆಲಿನನು ಪಟ್ಟುಹಿಡಿದನು. ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನ ಅಧಿಕಾರದಲ್ಲಿರುವ ಬೇರೆ ಬೇರೆ ನಾಡುಗಳವರು ತಮ್ಮ ತಮ್ಮ ಕಟ್ಟಳೆಗಳನ್ನು ಅನುಭವಿಸುತ್ತಿರುವಾಗ ವೆಲ್ಷರಿಗೆ ಮಾತ್ರ ಅದು ಏಕೆ ಕೂಡದೆಂಬುದು ಆತನ ವಾದ. ವ್ಯಾಜ್ಯವು ವರ್ಷಗಟ್ಟಲೆ ಎಳೆಯಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಾನ್ ಪೆಕಮನು ಹವೆಲನ ಶಾಸನವು ಸೈತಾನನ ಪ್ರೇರಣೆಯೆಂದು ನಿಂದಿಸಿದನು. ಕೊಲೆಗೆ ಹಣ ತೆತ್ತು ರಾಜಿಯಾಗುವುದೂ ವಿವಾಹದ ಸಡಿಲವಾದ ಕಟ್ಟುಗಳೂ ಆತನಿಗೆ ಅಸಹ್ಯವಾಗಿದ್ದವು. ೧೨೮೨ರಲ್ಲಿ ಯುದ್ಧ ಹೊತ್ತಿತು. ಆ ಡಿಸೆಂಬರಿನಲ್ಲಿ ಲೆವೆಲಿನನು ಹತನಾದನು. ೧೨೮೪ರಲ್ಲಿ ಹೊರಟ ರುದ್ಲಾನ್ ಶಾಸನವು ಎಡ್ವರ್ಡನು ಗೆದ್ದ ಭಾಗಗಳಲ್ಲಿ ಅಪರಾಧಗಳಿಗೆ ಇಂಗ್ಲಿಷ್ ನ್ಯಾಯವನ್ನು ತಂದಿತು; ಆಸ್ತಿಯ ವಿಭಾಗವನ್ನು ಹಳೆಯ ಪದ್ಧತಿಯಲ್ಲಿ ಉಳಿಸಿದರೂ ವಿವಾಹದ ಹೊರಗೆ ಹುಟ್ಟಿದವರ ಪಾಲನ್ನು ತೆಗೆದುಹಾಕಿತು. ಉಳಿದದ್ದು ಅಲ್ಲಲ್ಲಿ ಇನ್ನೂ ಎರಡೂವರೆ ಶತಮಾನ ಬಾಳಿತು. ಎಂಟನೆಯ ಹೆನ್ರಿಯ ಕಾಲದಲ್ಲಿ ೧೫೩೬ ಮತ್ತು ೧೫೪೩ರ ಕಾಯಿದೆಗಳು ವೇಲ್ಸನ್ನು ಇಂಗ್ಲೆಂಡಿನ ನ್ಯಾಯಕ್ಕೆ ಪೂರ್ತಿಯಾಗಿ ಸೇರಿಸಿದವು. ನ್ಯಾಯಸ್ಥಾನದ ಭಾಷೆಯು ಇಂಗ್ಲಿಷ್ ಎಂದಾಯಿತು. ತನ್ನ ಮೇಲಿನ ಆಪಾದನೆಯನ್ನು ತನಗೆ ತಿಳಿಯದ ನುಡಿಯಲ್ಲಿ ಕೇಳುವ ದುರ್ದೆಸೆ ಅಂದಿನಿಂದ ವೆಲ್ಷ್ ರೈತನಿಗೆ ಬಂದಿತು. ಅದನ್ನು ನಿವಾರಿಸುವ ಮೊದಲ ಕಾಯಿದೆಯಾಗಬೇಕಾದರೆ ೧೯೪೨ರವರೆಗೆ ಕಾಯಬೇಕಾಯಿತು.

ಆದರೂ ಹೆಸರು ಅಳಿಯಲಿಲ್ಲ. ಹದಿಮೂರನೆಯ ಶತಮಾನದ ಒಂದು ಲ್ಯಾಟಿನ್ ಪ್ರತಿಯು ಅಬೆರಿಸ್ಟ್ವಿತ್ ಪಟ್ಟಣದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಸಿಂಹಾಸನದ ಮೇಲೆ ಕುಳಿತ ದೊರೆಯ ಚಿತ್ರವೂ ಪುಸ್ತಕ ಹಿಡಿದ ನ್ಯಾಯಾಧಿಪತಿಯ ಚಿತ್ರವೂ ಅದರಲ್ಲಿವೆ. ಅಮೆರಿಕಕ್ಕೆ ಹೋಗಿದ್ದ ಹದಿನಾಲ್ಕನೆಯ ಶತಮಾನದ ಒಂದು ಪ್ರತಿಯನ್ನು ಅದೇ ಗ್ರಂಥಾಲಯವು ೨೦೧೨ರಲ್ಲಿ ಲಂಡನ್ನಿನ ಹರಾಜಿನಲ್ಲಿ ಐದು ಲಕ್ಷ ಪೌಂಡುಗಳಿಗೆ ಮೇಲ್ಪಟ್ಟು ಕೊಟ್ಟು ತಾಯಿನಾಡಿಗೆ ತಂದಿತು. ೧೯೯೯ರಲ್ಲಿ ವೇಲ್ಸಿಗೆ ಸ್ವಂತ ಪ್ರತಿನಿಧಿಸಭೆಯು ಲಭಿಸಿತು. ೨೦೧೧ರ ಜನಮತದ ತರುವಾಯ ತನಗೆ ಒಪ್ಪಿಸಿದ ವಿಷಯಗಳಲ್ಲಿ ಸ್ವತಂತ್ರವಾಗಿ ಕಾಯಿದೆ ಮಾಡುವ ಅಧಿಕಾರವೂ ಅದಕ್ಕೆ ಬಂದಿತು. ಕಾರ್ಡಿಫ್ ನಗರದಲ್ಲಿ ಆ ಸಭೆಗೆ ಸೇರಿದ ಕಟ್ಟಡವೊಂದರ ಹೆಸರು ‘ಹವೆಲನ ಮನೆ’.

ಟಾವ್ ನದಿಯ ದಡದ ಬಿಳಿಯ ಮನೆಯು ಎಲ್ಲಿತ್ತೋ ನೋಡಿದವರಿಲ್ಲ. ಆ ಸಭೆಯು ಕಥೆಯಲ್ಲಿರುವಂತೆಯೇ ನಡೆಯಿತೆಂದು ಪ್ರಮಾಣ ಮಾಡುವವರೂ ಇಲ್ಲ. ಆದರೆ ಅರಸನು ತಾನೊಬ್ಬನೇ ಕುಳಿತು ಆಜ್ಞೆ ಹೊರಡಿಸಿದನೆಂದು ವೆಲ್ಷ್ ಜನರು ಕಥೆ ಕಟ್ಟಿಕೊಳ್ಳಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಸೀಮೆಗೆ ಆರು ಮಂದಿಯಂತೆ ತಮ್ಮವರೇ ಹೋಗಿ, ಉಪವಾಸವಿದ್ದು, ಹಳೆಯದನ್ನು ಪರಿಶೀಲಿಸಿ ಒಪ್ಪಿದ ಶಾಸನ ಅದು ಎಂಬುದೇ ಅವರ ನೆನಪು. ತಾವು ಒಪ್ಪಿ ತಾವೇ ಮಾಡಿದ ಕಟ್ಟಳೆಯೆಂದು ಜನರು ನಂಬಿದುದನ್ನು ಯುದ್ಧದಲ್ಲಿ ಸೋತ ಮಾತ್ರಕ್ಕೆ ಅವರು ಬಿಟ್ಟುಕೊಡುವುದಿಲ್ಲ. ಹವೆಲನಿಗೆ ‘ಒಳ್ಳೆಯವನು’ ಎಂಬ ಬಿರುದು ಸಲ್ಲುವುದಾದರೆ ಅದು ಈ ನೆನಪಿನಿಂದಲೇ ಸಲ್ಲುತ್ತದೆ.